ಕಾಗದದ ಟೋಪಿಗೆ ಕಬ್ಬಿಣದ ತುಕ್ಕು

ಕೆಲವರನ್ನು ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ನನ್ನನ್ನು ಪ್ರಸಂಗಗಳು ಅಟ್ಟಿಸಿಕೊಂಡು ಬರುತ್ತವೆ. ನಾನು ಓಡುವ ಪೈಕಿಯಲ್ಲ. ನಿಂತು, ಎಲೆ ಅಡಿಕೆ ಕೊಟ್ಟು ಕೂರಿಸಿಕೊಳ್ಳುವವನು. ಅರವತ್ತು, ಎಪ್ಪತ್ತರ ದಶಕದ ಆ ಕಾಲದಲ್ಲಿ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಎಲ್ಲಿ ಪಾಳೇಗಾರರ ನಾಟಕವಾದರೂ ಸೈನಿಕರ ತಲೆಯ ಮೇಲಿರುತ್ತಿದ್ದದ್ದು ನನ್ನ ಕೈಕೆಲಸ. ನಾಡನ್ನು ಆಳಿದವರು ಯಾರ್ಯಾರೋ ಇರಬಹುದು, ಅಷ್ಟೂ ತಲೆಗಳನ್ನು ಆಳಿದವನು ನಾನೊಬ್ಬನೇ. ಇದರಲ್ಲಿ ಒಂಚೂರು ಉಪ್ಪು ಖಾರ ಇದೆ ಅಂತ ನಿಮಗೆ ಅನ್ನಿಸಿದರೆ ತಪ್ಪೇನಿಲ್ಲ. ಸಪ್ಪೆ ಸಾರು ಯಾರಿಗೆ ಬೇಕು?

೧. ಹೊಸದನ್ನು ಹಳೆಯದು ಮಾಡುವವನು

ನಾನು ಕೆಲಸಕ್ಕಿದ್ದದ್ದು ಕೆ.ಆರ್. ನಗರದಲ್ಲಿ ನಾಟಕದ ಪರದೆ, ಪೋಷಾಕು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಅಲ್ಲಿ ಎಲ್ಲವೂ ಥಳಥಳ. ಕಿರೀಟಕ್ಕೆ ಕಾಗೆಬಂಗಾರ, ಭುಜಕೀರ್ತಿಗೆ ಕನ್ನಡಿ ಚೂರು, ಗದೆಗೂ ಜರಿಯ ಪಟ್ಟಿ. ನಮ್ಮ ಯಜಮಾನರದು ಒಂದೇ ಸಿದ್ಧಾಂತ: "ಕೊನೇ ಸಾಲಲ್ಲಿ ಕಂಬಳಿ ಹೊದ್ಕೊಂಡು ತೂಕಡಿಸ್ತಾ ಕೂತವ್ನಲ್ಲ, ಅವ್ನ ಕಣ್ಣು ಕುಕ್ಕಬೇಕು!"

ಅಷ್ಟರಲ್ಲಿ ಹಳ್ಳಿಗಳಿಗೆ ಪಾಳೇಗಾರರ ನಾಟಕದ ಹುಚ್ಚು ಹಿಡಿಯಿತು. ಹಾರ್ಮೋನಿಯಂ ಹೊತ್ತು ಊರೂರಿಗೆ ನಾಟಕ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. "ನಂಗೆ ಕಿರೀಟ ಬೇಡ ಕಣಯ್ಯ. ಬಿಸಿಲು ಮಳೇಲಿ ಕೋಟೆ ಕಾದು ತುಕ್ಕು ಹಿಡಿದ ಕಬ್ಬಿಣದ ಶಿರಸ್ತ್ರಾಣ ಬೇಕು. ಹೊಳೆಯೋದು ಹಾಕಿದ್ರೆ ನನ್ನ ಸೈನಿಕರು ಮದುಮಕ್ಕಳ ಥರ ಕಾಣ್ತಾರೆ" ಅಂದರು.

ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ನಾನು ಒಂದು ಮಡಕೆ ಬೋರಲು ಹಾಕಿದೆ. ಹಳೇ ಪೇಪರನ್ನು ಹುಣಸೆಬೀಜದ ಗಂಜಿಯಲ್ಲಿ ನೆನೆಸಿ ಅದರ ಮೇಲೆ ಪದರ ಪದರವಾಗಿ ಮೆತ್ತಿದೆ. ಒಣಗಿದ ಮೇಲೆ ಬಿಡಿಸಿ, ಅಂಚಿಗೆ ಅವರೆಕಾಳನ್ನು ಸಾಲಾಗಿ ಅಂಟಿಸಿದೆ. ಬಣ್ಣ ಬಿದ್ದ ಮೇಲೆ ಅವು ಕಬ್ಬಿಣದ ಮೊಳೆಯ ತಲೆಗಳು. ಮೈತುಂಬ ದೀಪದ ಮಸಿ ಬಳಿದು, ಅದರ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬಟ್ಟೆಯಿಂದ ತಿಕ್ಕಿದರೆ ಲೋಹದ ಮಂಕು ಹೊಳಪು ಬಂತು. ಉಬ್ಬಿದ ಏಣುಗಳ ಮೇಲೆ ಒಣಕುಂಚದಿಂದ ಬೆಳ್ಳಿಬಣ್ಣ ಸೋಕಿಸಿದೆ; ತಲೆಮಾರುಗಟ್ಟಲೆ ಕೈ ತಾಗಿ ಸವೆದ ಹಾಗಾಯಿತು. ಕೊನೆಗೆ ಸಂದುಗೊಂದಿಗೆಲ್ಲ ಇಟ್ಟಿಗೆ ಪುಡಿ, ಕೆಮ್ಮಣ್ಣು, ಕಾಫಿ ಚರಟ ಕಲಸಿ ಚಿಮುಕಿಸಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎಷ್ಟೋ ಮಳೆಗಾಲ ಬೇಕು. ನನಗೆ ಒಂದು ಲೋಟ ಕಾಫಿ ಸಾಕು.

ತಂದು ಯಜಮಾನರ ಮುಂದಿಟ್ಟೆ. ಅವರು ಹೌಹಾರಿದರು.

"ಏನ್ಲಾ ಇದು ದರಿದ್ರ?"

"ಹೊಸದು ಯಜಮಾನ್ರೇ. ಈಗ ತಾನೇ ಮಾಡಿದ್ದು."

"ಒಸಾದ್ನ ಯಾವನಾದ್ರೂ ಅಳೇದು ಮಾಡ್ತಾನೇನ್ಲಾ? ಊರೋರೆಲ್ಲ ಅಳೇದ್ನ ಒಸಾದು ಮಾಡಿ ಬದುಕ್ತಾವ್ರೆ!"

ಹಾಗೆಂದು ಸಿಟ್ಟಿನಲ್ಲಿ ಅದನ್ನು ಅತ್ತ ನೂಕಿದರು. ಅಂಚು ತಾಗಿ ಬೆರಳು ಸ್ವಲ್ಪ ಗೀರಿತು. ಬೆರಳು ನೋಡಿಕೊಂಡರು, ತುಕ್ಕು ನೋಡಿದರು, ಬೆವೆತರು. ಚಪ್ಪಲಿ ಮೆಟ್ಟಿ ಸೀದಾ ಆಸ್ಪತ್ರೆಗೆ ಹೋಗಿ, ಕಬ್ಬಿಣ ಚುಚ್ಚಿದವರಿಗೆ ಕೊಡುವ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರು. ನಾನು ಅದೇ ಕಾಗದವನ್ನು ನೆನೆಸುವಾಗ ಪಕ್ಕದಲ್ಲಿ ಕೂತು ಹರಿದು ಹರಿದು ಕೊಟ್ಟವರು ಅವರೇ.

೨. ಸಾಲಿಗ್ರಾಮದ ಕುಲುಮೆ

ಪರದೆ ಎತ್ತುವ ರಾಟೆಗೆ ಒಂದು ಕೊಂಡಿ ಮಾಡಿಸಲು ಸಾಲಿಗ್ರಾಮದ ಆಚಾರ್ರ ಕುಲುಮೆಗೆ ಹೋಗಿದ್ದೆ. ಅವರು ಕಬ್ಬಿಣ ಬಡಿಯುತ್ತಿದ್ದರೆ, ಬೆಂಕಿಗೆ ಗಾಳಿ ಊದುವ ತಿದಿಯನ್ನು ಅವರ ಮಗಳು ಒತ್ತುತ್ತಿದ್ದಳು. ಅವಳ ಕೆನ್ನೆಯ ಮೇಲೆ ಇದ್ದಿಲ ಮಸಿ, ನನ್ನ ಕೆನ್ನೆಯ ಮೇಲೆ ದೀಪದ ಮಸಿ. ಇದಕ್ಕಿಂತ ಚೆನ್ನಾಗಿ ಕೂಡಿಬರುವ ಜಾತಕ ಇನ್ಯಾವುದಿದೆ? ಕೊಂಡಿಯ ಕೆಲಸ ಮುಗಿಯುವ ಹೊತ್ತಿಗೆ ನನ್ನ ತೀರ್ಮಾನವೂ ಮುಗಿದಿತ್ತು. ಮರುವಾರವೇ ಚಿಕ್ಕಪ್ಪನನ್ನು ಕರೆದುಕೊಂಡು ಹೆಣ್ಣು ಕೇಳಲು ಹೋದೆ. ತಾಂಬೂಲದ ತಟ್ಟೆಯ ಜೊತೆಗೆ ನನ್ನ ಶಿರಸ್ತ್ರಾಣವೊಂದನ್ನೂ ಹಿಡಿದುಕೊಂಡೆ, ಯೋಗ್ಯತೆ ಗೊತ್ತಾಗಲಿ ಅಂತ.

"ಹುಡ್ಗ ಏನ್ ಕಸುಬು ಮಾಡ್ತಾನೆ?" ಆಚಾರ್ರು ಕೇಳಿದರು.

"ಯುದ್ಧದ ಕಬ್ಬಿಣದ ಟೋಪಿ ಮಾಡ್ತಾನೆ" ಅಂದರು ಚಿಕ್ಕಪ್ಪ, ಎದೆಯುಬ್ಬಿಸಿ.

ಆಚಾರ್ರ ಮುಖ ಅರಳಿತು. "ಭೇಷ್! ಯಾವ ತಗಡು ಬಳಸ್ತಾನೆ?"

"ಕಾಗದ."

ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು. ನನ್ನ ಶಿರಸ್ತ್ರಾಣ ತೆಗೆದುಕೊಂಡು ಸುತ್ತಿಗೆಯ ತುದಿಯಿಂದ ಒಮ್ಮೆ ತಟ್ಟಿದರು. ಟಣ್ ಅನ್ನಬೇಕಾದದ್ದು ಡಬ್ ಅಂದು, ಸುತ್ತಿಗೆ ಆ ಕಡೆಯಿಂದ ಇಣುಕಿತು.

"ಕಬ್ಬಿಣ ಬಡಿಯೋ ಮನೆ ಹೆಣ್ಣ ಕಾಗ್ದ ನೆನ್ಸೋನಿಗೆ ಕೊಡಕ್ಕಾಯ್ತದಾ?" ಅಂದರು. "ಒಂದ್ ಜೋರ್ ಮಳೆ ಬಂದ್ರೆ ನಿನ್ ಸಂಸಾರ ಗಂಜಿ ಆಯ್ತದೆ ಕಣಪ್ಪ."

ನನಗೂ ರೋಷ ಬಂತು. "ಆಚಾರ್ರೇ, ಒಂದು ದಿನ ನೀವೇ ನನ್ನ ಕಾಗದವನ್ನ ಕಬ್ಬಿಣ ಅಂತ ನಂಬ್ತೀರಿ."

"ನಾನಾ? ಉಟ್ದಾಗಿಂದ ಕಬ್ಬಿಣದ ಜೊತೇಲಿ ಬದ್ಕಿರೋ ನಾನಾ? ನಾನು ಮೋಸೋದ ದಿನ ಬಾ, ಎರಡ್ ಮಾತಾಡ್ದೆ ಹೆಣ್ಣ ಕೊಡ್ತೀನಿ. ಅಲ್ಲೀಗಂಟ ಈ ಕಡೆ ತಲೆ ಆಕ್ಬೇಡ."

ಮಾತು ಮುರಿದರೂ ಮರ್ಯಾದೆ ಮುರಿಯಲಿಲ್ಲ, ಒಳಗಿನಿಂದ ಕಾಫಿ ಬಂತು. ಚಿಕ್ಕಪ್ಪ ಕುಡಿದು ಬಾಯಿ ಒರೆಸಿಕೊಂಡರು. ನಾನು ಬಾಗಿಲ ಕಡೆ ನೋಡುತ್ತ, "ಚರಟ ಇದ್ರೆ ಕೊಡ್ತೀರಾ? ತುಕ್ಕಿಗೆ ಬೇಕಿತ್ತು" ಅಂದೆ. ಆಚಾರ್ರು ಹಣೆ ಚಚ್ಚಿಕೊಂಡರು. ಮಗಳು ಮಾತ್ರ ಮುತ್ತುಗದ ಎಲೆಯಲ್ಲಿ ಚರಟ ಕಟ್ಟಿ ತಂದು ಕೊಟ್ಟಳು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಇನ್ನೂ ನೀರೇ ಕಾಣದ ಹೊಸ ಕಾಫಿಪುಡಿ! ಅಪ್ಪ ಬಾಗಿಲು ಮುಚ್ಚಿದರೇನಂತೆ, ಮಗಳು ಡಬ್ಬಿ ತೆರೆದಿದ್ದಳು.

೩. ಹೊಸ ಅಗ್ರಹಾರದ ಹುಣಸೆಹಣ್ಣು

ಹೊಸ ಅಗ್ರಹಾರದ ನಾಟಕಕ್ಕೆ ಒಂದು ಪೆಟ್ಟಿಗೆ ತುಂಬ ಶಿರಸ್ತ್ರಾಣಗಳನ್ನು ಹಿಂದಿನ ದಿನವೇ ಗಾಡಿಯಲ್ಲಿ ಕಳಿಸಿದ್ದೆವು. ಸೇನಾಪತಿಯ ಪಾರ್ಟು ಮಾಡುವವನ ಮನೆಯಲ್ಲಿ ಪೆಟ್ಟಿಗೆ ಇಳಿದಿತ್ತು. ಮಾರನೇ ದಿನ ನಾನು ಪರದೆ ಹೊತ್ತುಕೊಂಡು ಅಲ್ಲಿಗೆ ಹೋದರೆ, ಆ ಮನೆಯ ಬಾವಿಕಟ್ಟೆಯ ಹತ್ತಿರ ಹಬ್ಬದ ಗದ್ದಲ. ಬೀದಿಯ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ ಸಾಲಾಗಿ ಕೂತಿದ್ದಾರೆ. ಎಲ್ಲರ ಕೈಯಲ್ಲೂ ತೆಂಗಿನ ನಾರು, ಪಕ್ಕದಲ್ಲಿ ಹುಣಸೆಹಣ್ಣು, ಒಲೆಯ ಬೂದಿ. ಎಲ್ಲರ ತೊಡೆಯ ಮೇಲೂ ಒಂದೊಂದು ಶಿರಸ್ತ್ರಾಣ.

ಪರದೆ ಕೆಳಗೆ ಹಾಕಿ ಓಡಿದೆ. "ಅಮ್ಮಾ, ಏನ್ ಮಾಡ್ತಿದ್ದೀರಿ?"

ಸೇನಾಪತಿಯ ತಾಯಿ, ಆ ಪಡೆಗೆಲ್ಲ ಹಿರಿಯಳು, ತಲೆಯೆತ್ತಿದಳು. "ಇನ್ನೇನಪ್ಪ ಮಾಡದು? ಕಬ್ಬಿಣ ಅಂದ್ರೆ ಶನಿಮಾತ್ಮಂದು. ಅದ್ರಲ್ಲೂ ತುಕ್ಕು! ಅಂಥದ್ನ ತಂದು ನನ್ ಮಗನ ತಲೆ ಮೇಲೆ ಮಡಗ್ತೀರಲ್ಲ, ಮದುವೆ ಆಗದಿರೋ ಉಡುಗ ಕಣಪ್ಪ ಅವ್ನು. ಉಜ್ಜಿ ಬೆಳ್ಗಿ ಕೊಟ್ರೆ ದೋಸ ಓಯ್ತದೆ."

"ನಿಲ್ಸಿ, ನಿಲ್ಸಿ!"

"ಯಾಕ್ ನಿಲ್ಲಿಸ್ಲಿ? ಬೆಳಗ್ಗಿಂದ ಉಜ್ತಾ ಇವ್ನಿ. ಎಂಥ ದರಿದ್ರದ ಕಬ್ಬಿಣಾನೋ ಕಾಣೆ, ಉಜ್ಜಿದಷ್ಟೂ ತುಕ್ಕು ಬತ್ತಾನೇ ಅದೆ!"

ಪಕ್ಕದವಳು ದನಿಗೂಡಿಸಿದಳು, "ನಂದ್ರಲ್ಲಿ ತುಕ್ಕು ಓಯ್ತು ಕಣಕ್ಕ. ಈಗ ಒಳಗಿಂದ ಸೋಪಿನ ಜಾಹೀರಾತು ಬತ್ತಾ ಅದೆ."

ನಾನು ಬಾವಿಕಟ್ಟೆಯ ಮೇಲೆ ಕೂತೆ. ಪಾತ್ರೆ ತೊಳೆದು ತೊಳೆದು ಕೈ ಸವೆದ ಅಷ್ಟು ಜನ ಹೆಂಗಸರು ಬೆಳಗಿನಿಂದ ಮುಟ್ಟಿ, ತಿಕ್ಕಿ, ತಿರುವಿ ನೋಡಿದರೂ ಅದು ಕಬ್ಬಿಣವೇ! ಕಣ್ಣಲ್ಲಿ ನೀರು ಬಂತು. ಅರ್ಧ ನಷ್ಟಕ್ಕೆ, ಅರ್ಧ ಹೆಮ್ಮೆಗೆ. ಆ ಸಂಜೆ ಸೈನಿಕರು ಟವಲ್ ಸುತ್ತಿಕೊಂಡೇ ಕೋಟೆ ಕಾದರು.

ಅದಕ್ಕೆ ಮುಂಚೆ, ಬಾವಿಕಟ್ಟೆಯಲ್ಲೇ, ನನ್ನ ಮುಖ ನೋಡಿ ಸೇನಾಪತಿಯ ತಾಯಿಗೆ ಕನಿಕರ ಹುಟ್ಟಿತು. ಬೆರಳ ಸಂದಿಯಿಂದ ಮುದ್ದೆ ಮುದ್ದೆಯಾಗಿ ಸೋರುತ್ತಿದ್ದ ಕಾಗದದ ಗಂಜಿಯನ್ನು ಬೋಗುಣಿಗೆ ತುಂಬಿಸಿ ನನ್ನ ಕೈಗೆ ಕೊಟ್ಟು ಸಮಾಧಾನ ಹೇಳಿದಳು: "ಬೇಜಾರ್ ಮಾಡ್ಕೋಬೇಡ ಮಗಾ. ನಾಳೆ ಕಲಾಯಿಯವ್ನು ಬತ್ತಾನೆ. ಒಂದ್ ಕೈ ಕಲಾಯಿ ಆಕಿಸ್ಕೊಡ್ತೀನಿ, ಸರಿಹೋಯ್ತದೆ."

೪. ಕೋಟೆ ಬಸ್ಸಿನ ಪೈಲ್ವಾನ

ಈ ಜಯದ ಸುದ್ದಿಯನ್ನು ಚಿಕ್ಕಪ್ಪನ ಕೈಲಿ ಸಾಲಿಗ್ರಾಮಕ್ಕೆ ಮುಟ್ಟಿಸಿದೆ. ಆಚಾರ್ರು, "ಅವ್ರು ಕಂಚು ತಾಮ್ರ ಬೆಳಗೋ ಎಂಗಸ್ರು. ಕಬ್ಬಿಣದ ವಿಚಾರ ಅವ್ರಿಗೇನ್ ಗೊತ್ತು? ತೋಳಲ್ಲಿ ಕಬ್ಬಿಣ ಎತ್ತಿದೋನು ಹೇಳ್ಲಿ" ಅಂದುಬಿಟ್ಟರು.

ಎತ್ತುವವನು ತಾನಾಗಿಯೇ ಸಿಕ್ಕಿದ. ಬಾವಿಕಟ್ಟೆಯ ಪಾಠ ಕಲಿತ ಮೇಲೆ ಶಿರಸ್ತ್ರಾಣಗಳ ಜೊತೆಗೆ ನಾನೇ ಪ್ರಯಾಣ ಮಾಡುತ್ತಿದ್ದೆ. ಎಚ್.ಡಿ. ಕೋಟೆಯ ಬಸ್ಸಿಗೆ ಕಾಯುತ್ತ ಹುಣಸೂರಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ದೊಡ್ಡ ಬಲೆಚೀಲ, ಒಳಗೆಲ್ಲ ತುಕ್ಕು ಹಿಡಿದ 'ಕಬ್ಬಿಣ' ಎದ್ದು ಕಾಣುತ್ತಿದೆ. ಕಂಡಕ್ಟರ್ ನೋಡಿದವನೇ, "ಗುಜರಿ ಎಲ್ಲ ಟಾಪ್ ಮೇಲೆ ಹಾಕಂಗಿಲ್ಲ ಕಣ್ರೀ. ಟಾಪು ಮುರಿದು ಒಳಗಿರೋರ ತಲೆ ಮೇಲೆ ಬಿದ್ರೆ ಯಾರ್ ಗತಿ?" ಅಂದ.

ಕಾಗದ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಚೆನ್ನಾಗಿ ನಂಬಿದವನ ಮನಸ್ಸು ನೋಯಿಸುವುದು ಹೇಗೆ?

ಬಸ್ಸಿನಲ್ಲಿ ಕೋಟೆ ಕಡೆಯ ಗರಡಿ ಪೈಲ್ವಾನನೊಬ್ಬ ಕೂತಿದ್ದ. ಮೀಸೆಯೇ ಒಂದು ಸೀಟು ಹಿಡಿದಿತ್ತು. ಹೊತ್ತಾಗುತ್ತದೆಂದು ರೇಗಿ ಇಳಿದುಬಂದ. "ಸರೀರಿ ಆ ಕಡೆ! ನಾಕ್ ಜನ ಎತ್ತೋದ್ನ ಒಬ್ನೇ ಎತ್ತಿ ಮಡಗ್ತೀನಿ." ಪಂಚೆ ಬಿಗಿದ, ತೊಡೆ ತಟ್ಟಿದ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಚೀಲದ ಎರಡೂ ಕಿವಿ ಹಿಡಿದು, "ಜೈ ಬಜರಂಗಬಲಿ!" ಎಂದು ಮೈಯೊಳಗಿದ್ದ ಅಷ್ಟೂ ಬಲ ಒಟ್ಟುಹಾಕಿ ಎತ್ತಿದ.

ಚೀಲ ಟಾಪಿನ ಮೇಲೆ ನಿಲ್ಲಲಿಲ್ಲ. ಟಾಪು ದಾಟಿ, ಆ ಕಡೆಯ ಬೇಲಿ ದಾಟಿ, ಹುಲ್ಲು ತುಂಬಿದ ಗಾಡಿಯೊಂದರ ಮೇಲೆ ಹೋಗಿ ಬಿತ್ತು. ಪೈಲ್ವಾನ ಇನ್ನೂ ಆಕಾಶ ನೋಡುತ್ತಲೇ ಇದ್ದ.

ಕಂಡಕ್ಟರ್ ಮೆಲ್ಲಗೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಇಂಥಾ ಮನುಷ್ಯನ ಹತ್ರ ಟಿಕೆಟ್ ಕೇಳಿಬಿಟ್ನಲ್ಲ ನಾನು!"

ಪೈಲ್ವಾನ ತನ್ನ ಎರಡೂ ಅಂಗೈಗಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿಕೊಂಡ. ಆಮೇಲೆ ಮೀಸೆ ತಿರುವಿ, "ಗರಡಿ ಮಣ್ಣು ಸುಮ್ಕಲ್ಲ ಕಣ್ರಲಾ" ಅಂದ. ನಾನು ಚೀಲವನ್ನು ಹುಲ್ಲುಗಾಡಿಯಿಂದ ಇಳಿಸಿಕೊಂಡು ಬಂದು ಕೋಟೆ ತಲುಪುವಷ್ಟರಲ್ಲಿ ಸುದ್ದಿ ಬಸ್ಸಿಗಿಂತ ಮುಂದೆ ಓಡಿತ್ತು. ಅಂದಿನ ನಾಟಕದಲ್ಲಿ ವೇದಿಕೆಯ ಮೇಲೆ ಕುರ್ಚಿ ಹಾಕಿ, ಹಾರ ಹಾಕಿದ್ದು ಪೈಲ್ವಾನನಿಗೆ. ಹಾರ ಹಾಕಿಸಿಕೊಳ್ಳುವಾಗ ಅವನು ನನ್ನ ಕಡೆ ತಿರುಗಿ ಗುಟ್ಟಾಗಿ ಕೇಳಿದ, "ಇದಕ್ಕಿಂತ ದಪ್ಪ ಕಬ್ಬಿಣದ್ದು ಇನ್ನೊಂದು ಚೀಲ ಇಲ್ವಾ ಸ್ವಾಮಿ?"

೫. ಪಿರಿಯಾಪಟ್ಟಣದ ಮೊಳಕೆ

ಆಚಾರ್ರ ಉತ್ತರ ಬಂತು: "ಪೈಲ್ವಾನಂಗೆ ತೋಳವೆ, ಕಣ್ಣಿಲ್ಲ." ಇರಲಿ ಅಂದುಕೊಂಡು ನಾನು ಇನ್ನೂ ದಪ್ಪ ಗಂಜಿಯ, ಇನ್ನೂ ಸಾಲು ಸಾಲು ಮೊಳೆಯ ಹೊಸ ಶಿರಸ್ತ್ರಾಣಗಳನ್ನು ಪಿರಿಯಾಪಟ್ಟಣಕ್ಕೆ ಮಾಡಿದೆ. ಮಳೆಗಾಲ, ಬಿಸಿಲೇ ಇಲ್ಲ. ಮೇಲೆ ಬಣ್ಣ ಒಣಗಿತ್ತು, ಒಳಗೆ ಗಂಜಿ ಹಸಿ. ಹಾಗೇ ಪೆಟ್ಟಿಗೆಗೆ ತುಂಬಿ ಮುಚ್ಚಿಟ್ಟೆ.

ನಾಟಕದ ದಿನ ಪೆಟ್ಟಿಗೆ ತೆಗೆದರೆ ನನ್ನ ಕಬ್ಬಿಣದ ಮೊಳೆಗಳೆಲ್ಲ ಮೊಳೆತಿವೆ! ಅವರೆಕಾಳು ತಾನೇ, ಬೆಚ್ಚಗೆ ಒದ್ದೆಯಲ್ಲಿ ಇಟ್ಟರೆ ಇನ್ನೇನು ಮಾಡುತ್ತದೆ? ಮಸಿ ಸೀಳಿಕೊಂಡು ಒಂದೊಂದು ಮೊಳೆಯಿಂದಲೂ ಎಳೇ ಹಸಿರು ಬಾಗಿ ಇಣುಕುತ್ತಿದೆ. ಕೀಳೋಣವೆಂದರೆ ಮೊಳೆಯೇ ಕಿತ್ತು ಬರುತ್ತದೆ. ಅಷ್ಟರಲ್ಲಿ ಮೇಷ್ಟ್ರು ಹಾರ್ಮೋನಿಯಂ ಒತ್ತಿ ಆಗಿತ್ತು. ಸೈನಿಕರು ತಲೆಯ ಮೇಲೆ ಹೊಲ ಹೊತ್ತುಕೊಂಡೇ ರಂಗಕ್ಕೆ ನುಗ್ಗಿದರು.

ನಾನು ಪರದೆಯ ಹಿಂದೆ ಕಣ್ಣು ಮುಚ್ಚಿ, ಕಲ್ಲು ಬೀಳುವುದನ್ನೇ ಕಾಯುತ್ತಿದ್ದೆ. ಬಿದ್ದದ್ದು ಚಪ್ಪಾಳೆ. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ ವಿವರಿಸುತ್ತಿದ್ದರು: "ಎಷ್ಟು ಕಾಲದ ಕಬ್ಬಿಣ ನೋಡ್ರಿ! ನಮ್ಮೂರ ಕೋಟೆ ಗೋಡೆ ಮೇಲೆ ಗಿಡ ಉಟ್ಟಿಲ್ವಾ, ಅಂಗೇ ಇದ್ರ ಮೇಲೂ ಉಟ್ಟದೆ. ಇಂಥದ್ನ ಎಲ್ಲಿ ಅಗೆದು ತಂದ್ರೋ!"

ನಾಟಕ ಮುಗಿದ ಮೇಲೆ ಅವರು ಒಳಗೆ ಬಂದು ಒಂದು ಶಿರಸ್ತ್ರಾಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ: "ಇದ್ಕೆ ನೀರು ದಿನಾ ಬಿಡ್ತೀರೋ, ದಿನ ಬಿಟ್ಟು ದಿನವೋ?"

೬. ಹುಣಸೂರಿನ ಹೊಗೆ

ಮೊಳಕೆಯ ಭಯಕ್ಕೆ ಮುಂದಿನ ಸಲ ಹೊಸ ಉಪಾಯ ಹೂಡಿದೆ. ಹುಣಸೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿದ್ದವಲ್ಲ, ಒಳಗೆ ಸೌದೆಯ ಶಾಖಕ್ಕೆ ಎಲೆಯೆಲ್ಲ ಒಣಗಿ ಗರಿಗರಿಯಾಗುವ ಎತ್ತರದ ಮನೆಗಳು. ಪರಿಚಯದ ರೈತರೊಬ್ಬರ ಕಾಲು ಹಿಡಿದು, ಸೊಪ್ಪಿನ ಕಡ್ಡಿಗಳ ಸಾಲಿನಲ್ಲೇ ನನ್ನ ಶಿರಸ್ತ್ರಾಣಗಳನ್ನೂ ತೂಗುಹಾಕಿದೆ. ಒಣಗಿದವು ನೋಡಿ, ಕಲ್ಲಿನ ಹಾಗೆ! ಬಣ್ಣಕ್ಕೂ ಒಂದು ಕಂದು ಛಾಯೆ ಬಂದು, ತುಕ್ಕು ಇನ್ನೂ ತುಕ್ಕಾಯಿತು.

ವಾಸನೆಯ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ.

ಆ ನಾಟಕದಲ್ಲಿ ಎರಡು ಸೈನ್ಯ. ಒಂದು ಸೈನ್ಯದವರೆಲ್ಲ ಹೊಗೆಸೊಪ್ಪು ಅಗಿಯುವ ಪೈಕಿ. ಅವರು ಶಿರಸ್ತ್ರಾಣ ಹಾಕಿಕೊಂಡವರು ಆಹಾ ಎಂದು ಕಣ್ಣು ಮುಚ್ಚಿ, ತೆಗೆಯಲು ಒಪ್ಪದೆ ಊಟಕ್ಕೂ ಅದರಲ್ಲೇ ಕೂತರು. ಇನ್ನೊಂದು ಸೈನ್ಯಕ್ಕೆ ಕಲಿಸಿದ ಮೇಷ್ಟ್ರು ಬೇರೆಯವರು, ಶಿಸ್ತಿನವರು, ಬೀಡಿ ಸೇದದ ಹುಡುಗರನ್ನೇ ಆರಿಸಿದ್ದರು. ಯುದ್ಧದ ಸೀನು ಬಂತು. ನಾಟಕದ ಪ್ರಕಾರ ಆ ಶಿಸ್ತಿನ ಹುಡುಗರೇ ಗೆಲ್ಲಬೇಕು. ಕಹಳೆ ಮೊಳಗಿತು. ಕತ್ತಿಗೆ ಕತ್ತಿ ತಾಗುವ ಮೊದಲೇ ಗೆಲ್ಲಬೇಕಾದವರು ಒಬ್ಬೊಬ್ಬರಾಗಿ ತಲೆ ತಿರುಗಿ ಮಲಗಿದರು. ಸೋಲಬೇಕಾದವರು ಕಣ್ಣು ಕೆಂಪಗೆ ಮಾಡಿಕೊಂಡು ನೆಟ್ಟಗೆ ನಿಂತಿದ್ದಾರೆ!

ಆಗ ಸೋಲಬೇಕಿದ್ದ ಪಾಳೇಗಾರನ ಪಾರ್ಟಿನವನು ಒಂದು ಕ್ಷಣ ನೆಲದ ಮೇಲಿದ್ದ ಹೆಣಗಳನ್ನು ನೋಡಿದ, ಎದೆ ಹಿಡಿದುಕೊಂಡ, "ಮಿತ್ರರೇ, ನಿಮ್ಮ ಶೌರ್ಯಕ್ಕೆ ಬೆದರಿ ನಾವು ಶರಣಾಗುತ್ತಿದ್ದೇವೆ!" ಎಂದು ಮಲಗಿದ್ದವರ ಕಾಲಿಗೆ ಕತ್ತಿ ಇಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದವರನ್ನು ಮಾತ್ರ ಮಂಚದ ಮೇಲೆ ಹೊತ್ತುಕೊಂಡು ಹೋಗಬೇಕಾಯಿತು.

೭. ಮಿರ್ಲೆಯ ತಗ್ಗು

ಇಷ್ಟಾದರೂ ಸಾಲಿಗ್ರಾಮದ ಬಾಗಿಲು ತೆರೆಯಲಿಲ್ಲ. ಅದರ ಮೇಲೆ ಚಿಕ್ಕಪ್ಪ ಕೆಟ್ಟ ಸುದ್ದಿ ತಂದರು. "ನಿನ್ ಆಚಾರ್ರು ಮಗಳಿಗೆ ಬೇರೆ ಕಡೆ ಗಂಡು ನೋಡ್ತಾವ್ರೆ ಕಣ್ಲಾ. ಗಾಡಿ ಚಕ್ರಕ್ಕೆ ಪಟ್ಟಿ ಹಾಕೋ ಮನೆಯಂತೆ, ಅಸಲಿ ಕಬ್ಬಿಣ. ಬರೋ ವಾರ ಬತ್ತಾರಂತೆ." ನನಗೆ ಅನ್ನ ಸೇರಲಿಲ್ಲ. ಆ ವ್ಯಥೆಯಲ್ಲೇ ಕೂತು ಮಿರ್ಲೆಯ ನಾಟಕಕ್ಕೆ ಪಾಳೇಗಾರನ ಶಿರಸ್ತ್ರಾಣ ಮಾಡಿದೆ. ಅಂಥದ್ದನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮುಂಭಾಗದಲ್ಲಿ ವೈರಿಯ ಗದೆಯ ಏಟು ಬಿದ್ದ ಹಾಗೆ ಒಂದು ತಗ್ಗು. ತಗ್ಗಿನ ಒಳಗೆ ಕಪ್ಪು, ಅಂಚಿಗೆ ಬೆಳ್ಳಿ, ಸುತ್ತ ತುಕ್ಕು. ಆ ತಗ್ಗೊಂದಕ್ಕೇ ಒಂದು ದಿನ ಕೂತಿದ್ದೆ.

ಹಿಂದಿನ ಸಂಜೆ ನಾನೇ ಮಿರ್ಲೆಗೆ ಪೆಟ್ಟಿಗೆ ತಂದು ಅಲ್ಲೇ ಮಲಗಿದ್ದೆ. ನಾಟಕದ ದಿನ ಬೆಳಿಗ್ಗೆ ಎದ್ದು ನೋಡಿದರೆ ಸೈನಿಕರ ಟೋಪಿಗಳೆಲ್ಲ ಇವೆ, ಪಾಳೇಗಾರನದು ಇಲ್ಲ. ಪಾಳೇಗಾರನ ಪಾರ್ಟಿನವನು ಹಲ್ಲುಕಡ್ಡಿ ಕಚ್ಚಿಕೊಂಡು, "ಅದಾ? ತಗ್ಗಾಗಿತ್ತಲ್ಲ ಸ್ವಾಮಿ. ನಮ್ಮಣ್ಣ ನೇಗಿಲ ಗುಳ ಹದ ಮಾಡ್ಸಕ್ಕೆ ಸಾಲಿಗ್ರಾಮದ ಕುಲುಮೆಗೆ ಹೊಂಟಿದ್ದ. ಅದೇ ಚೀಲಕ್ಕೆ ಆಕ್ಕೊಂಡು ಓದ, ಬಡಿಸಿ ನೆಟ್ಟಗೆ ಮಾಡಿಸ್ಕೊಂಡು ಬತ್ತೀನಿ ಅಂತ" ಅಂದ.

ಅಲ್ಲಿ ಗೋಡೆಗೆ ಒರಗಿದ್ದದ್ದು ಯಾರ ಸೈಕಲ್ಲೋ ನನಗಿಂದಿಗೂ ಗೊತ್ತಿಲ್ಲ. ಹತ್ತಿ ತುಳಿದೆ. ಸಾಲಿಗ್ರಾಮದ ಕುಲುಮೆಯ ಮುಂದೆ ಧಡಾರನೆ ಇಳಿಯುವಾಗ ಕಂಡದ್ದು ಇಷ್ಟು: ಅಣ್ಣ ಚೀಲ ಬಿಚ್ಚಿಟ್ಟು ಬೀಡಿ ಹಚ್ಚುತ್ತಿದ್ದಾನೆ, ಮಗಳು ತಿದಿ ಒತ್ತುತ್ತಿದ್ದಾಳೆ, ಆಚಾರ್ರು ಉದ್ದನೆಯ ಇಕ್ಕಳದಲ್ಲಿ ನನ್ನ ಶಿರಸ್ತ್ರಾಣ ಹಿಡಿದು, "ಯಾವ್ ಕಾಲದ ಮಾಲೋ, ತುಕ್ಕು ತಿಂದು ತಿಂದು ಎಷ್ಟು ಹಗುರ ಆಗೋಗದೆ!" ಎನ್ನುತ್ತ ಅದನ್ನು ಕೆಂಡದೊಳಗೆ ಇಳಿಸುತ್ತಿದ್ದಾರೆ.

"ಆಚಾರ್ರೇ!" ಎಂದು ಕೂಗಿದೆ.

ಭಗ್ಗನೆ ಎದ್ದ ಬೆಂಕಿ ಸೂರು ಮುಟ್ಟಿತು. ಇಳಿದಾಗ ಇಕ್ಕಳದ ತುದಿಯಲ್ಲಿ ಒಂದು ಚಿಟಿಕೆ ಬೂದಿ, ಗಾಳಿಯಲ್ಲಿ ಸುಟ್ಟ ಅವರೆಕಾಳಿನ ಘಮ. ಆಚಾರ್ರು ಖಾಲಿ ಇಕ್ಕಳವನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲ ಅರ್ಥವಾಯಿತು. ಸಿಟ್ಟು ಮಗಳ ಕಡೆ ತಿರುಗಿತು.

"ಪಕ್ಕದಲ್ಲೇ ನಿಂತಿದ್ಯಲ್ಲೇ, ನಿಂಗಾದ್ರೂ ಕಾಣ್ಲಿಲ್ವಾ ಕಾಗ್ದ ಅಂತ?"

"ಕಾಣ್ತು ಅಪ್ಪಯ್ಯ" ಅಂದಳು ಮಗಳು, ತಲೆ ತಗ್ಗಿಸಿ. "ಅದಕ್ಕೇ ಜೋರಾಗಿ ಒತ್ತಿದೆ."

ನಾನು ಎದೆಯುಬ್ಬಿಸಿ ನಿಂತೆ. ಆಚಾರ್ರು ಸುಲಭದ ಆಸಾಮಿಯಲ್ಲ. "ಕಣ್ಣಿಗೆ ಒಗೆ ತುಂಬಿತ್ತು. ಇದು ಲೆಕ್ಕಕ್ಕಿಲ್ಲ!" ಅಂದರು. "ಸುಟ್ಟಿದ್ದು ನಾನು, ಸಂಜೆ ಒಳಗೆ ಪಾಳೇಗಾರಂಗೆ ಅಸಲಿ ಕಬ್ಬಿಣದ ಟೋಪಿ ನಾನೇ ಬಡ್ದು ಕೊಡ್ತೀನಿ. ನಿನ್ ಕಾಗ್ದದ ಪಕ್ಕದಲ್ಲಿ ನನ್ ಕಬ್ಬಿಣ ನಿಲ್ಲಲಿ. ಊರ ಜನ ನೋಡಿ ಹೇಳ್ಲಿ ಅಸಲಿ ಯಾವ್ದು ಅಂತ. ನಿಂದು ಅಂದ್ರೆ ಹೆಣ್ಣು ನಿಂಗೆ. ನಂದು ಅಂದ್ರೆ ಚಕ್ರದ ಮನೆಯೋರಿಗೆ."

ಮಾತಿನಂತೆ ಹಳೇ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ, ಕಾಯಿಸಿ, ಬಡಿದು, ಉಜ್ಜಿ, ಕನ್ನಡಿಯ ಹಾಗೆ ಮಿರಮಿರ ಮಿಂಚುವ ಟೋಪಿಯನ್ನು ಸಂಜೆ ಮಿರ್ಲೆಗೆ ತಂದರು. ಮೇಲೆ ಒಂದು ಕೈ ಬಣ್ಣ ಆಡಿಸಲೇ ಅಂತ ಮರ್ಯಾದೆಗೆ ಕೇಳಿದೆ. "ಅಸಲಿ ಕಬ್ಬಿಣಕ್ಕೆ ಬಣ್ಣ ಬಳೀತೀಯಾ? ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಗದರಿ, ಮೊದಲ ಸಾಲಿನಲ್ಲಿ ಹೋಗಿ ಕಾಲ ಮೇಲೆ ಕಾಲು ಹಾಕಿ ಕೂತರು.

ಪರದೆ ಎದ್ದಿತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನನ್ನ ಸೈನಿಕರು ಕರ್ರಗೆ, ಕಂದಗೆ, ನೂರು ಯುದ್ಧ ಕಂಡವರ ಹಾಗೆ ನಿಂತಿದ್ದಾರೆ. ನಡುವೆ ಪಾಳೇಗಾರ, ತಲೆಯ ಭಾರಕ್ಕೆ ಕುತ್ತಿಗೆ ವಾಲಿಸಿಕೊಂಡು, ಥಳಥಳ ಹೊಳೆಯುತ್ತ. ನಾನು ಪರದೆಯ ಸಂದಿಯಲ್ಲಿ ಕಿವಿ ಇಟ್ಟೆ. ಬದುಕಿನಲ್ಲಿ ದೇವರಿಗೆ ಅಷ್ಟು ಹರಕೆ ಒಟ್ಟಿಗೆ ಹೊತ್ತದ್ದು ಅವತ್ತೇ.

ಎರಡನೇ ಸಾಲಿನಿಂದ ಒಂದು ದನಿ ಬಂತು: "ಅಲ್ಲ ಕಣ್ಲಾ, ಸೈನಿಕರಿಗೆಲ್ಲ ಅಸಲಿ ಕಬ್ಬಿಣದ್ದೇ ತರ್ಸವ್ರೆ. ಪಾಪ, ಪಾಳೇಗಾರಂಗೇ ಬೇಗಡೆ ಕಾಗ್ದದ್ದು ಸಿಕ್ಕುಸವ್ರಲ್ಲ!"

"ಊ ಕಣ್ಲಾ, ಎಂಗ್ ಒಳೀತದೆ ನೋಡು, ಬಿಸ್ಕತ್ ಡಬ್ಬ ಇದ್ದಂಗೆ" ಅಂದ ಇನ್ನೊಬ್ಬ. ಸಾಲಿಗೆ ಸಾಲೇ ನಗತೊಡಗಿತು.

ಆಚಾರ್ರು ನೆಟ್ಟಗೆ ಎದ್ದು ನಿಂತರು. "ಯಾವನ್ಲಾ ಅವ್ನು? ಅದೇ ಕಣ್ಲಾ ಅಸಲಿ ಕಬ್ಬಿಣ! ಇಡೀ ದಿನ ನಾನೇ ಬಡ್ದಿದ್ದು!"

"ಕೂತ್ಕೊಳಜ್ಜ ಸುಮ್ಕೆ, ಮರೆ ಆಯ್ತದೆ" ಎಂದಿತು ಹಿಂದಿನ ದನಿ. "ಕಬ್ಬಿಣ ಅಂದ್ರೆ ಏನು ಅಂತ ಗೊತ್ತಿದ್ರೆ ಆ ಸೈನಿಕರ ತಲೆ ನೋಡು."

ಸೀನು ಮುಗಿದು ಪರದೆ ಬಿತ್ತು. ಆಚಾರ್ರು ಒಳಗೆ ಬಂದರು. ನಾನು ಕುಂಚ ತೊಳೆಯುತ್ತ ಕೂತೆ, ಗೆದ್ದವನು ಮಾತಾಡಬಾರದು ಎಂಬಷ್ಟು ತಿಳಿವಳಿಕೆ ನನಗೂ ಇತ್ತು. ಅವರು ನನ್ನ ಮಸಿಯ ಬಟ್ಟಲು ನೋಡಿದರು, ಕೆಮ್ಮಣ್ಣಿನ ಬಟ್ಟಲು ನೋಡಿದರು. ಪಾಳೇಗಾರನ ತಲೆಯಿಂದ ತಮ್ಮ ಟೋಪಿಯನ್ನು ಎರಡೂ ಕೈಯಲ್ಲಿ ಇಳಿಸಿ, ಅತ್ತಿತ್ತ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನನ್ನ ಮುಂದಿಟ್ಟರು.

"ಚಕ್ರದ ಮನೆಯೋರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ. ತಾಂಬೂಲ ನಾಳೆ ಬದ್ಲಾಯ್ಸನ" ಅಂದರು. ಆಮೇಲೆ ದನಿ ತಗ್ಗಿಸಿ, "ಅದು ನಾಳೆ ಮಾತು. ಈಗ ಮುಂದಿನ್ ಸೀನಿಗೆ ಮುಂಚೆ ಇದ್ಕೂ ಒಸಿ ತುಕ್ಕು ಬಳಿ ಅಳಿಯಾ, ಕಬ್ಬಿಣದ ಥರ ಕಾಣ್ಲಿ."